ಬಾವಿ ತೋಡುವ ಹೊತ್ತು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೊರಟವರನ್ನು ಗಾದೆ ನಗುತ್ತದೆ. ಶ್ರಾವಣದಲ್ಲಿ ಕನ್ನಡ ನಾಡಿನ ಭಕ್ತರನ್ನೂ ಬರಮಾಡಿಕೊಳ್ಳುವ ಈರಣ್ಣಸ್ವಾಮಿಯ ಉರುಕುಂದಕ್ಕೂ ಆ ಗಾದೆ ಸಲ್ಲುತ್ತದೆ. ಬೇಸಗೆಯಲ್ಲಿ ಬಣವೆಗೆ ಕಿಡಿ ತಗುಲಿದರೆ 101ಕ್ಕೆ ಕರೆ ಹೋದೀತು; ವಾಹನ ಬಂದು ಮುಟ್ಟುವವರೆಗಿನ ಹೊತ್ತು ಮಾತ್ರ ಊರವರದೇ. ಆಗ ಕೊಡ ಹಿಡಿದು ಓಡಿಬರುವವರಿಗೆ ಹಳ್ಳಿಯಲ್ಲಿ ಕೊರತೆಯಿರದು, ಕೊರತೆ ತಿಳಿವಳಿಕೆಗೆ.

ಆದವಾನಿಯ ಸುತ್ತಿನದು ಹತ್ತಿಯ ಸೀಮೆ. ಹತ್ತಿಯ ಅಂಡಿಗೆಯಲ್ಲಿ ಬೆಂಕಿ ಹೊರಗೆ ನಂದಿದಂತೆ ಕಂಡರೂ ಒಳಗೆ ಕನಲುತ್ತಿರುತ್ತದೆ. ಬಿಚ್ಚಿ ಹರಡಿಯೇ ನೀರುಣಿಸಬೇಕು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಹೊತ್ತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಹೊತ್ತಿ ಸಿಡಿದಾಗ 66 ಅಗ್ನಿಶಾಮಕರು ಮಡಿದರು. ಆ ದಿನವೇ ಇಂದಿನ ಅಗ್ನಿಶಾಮಕ ಸೇವಾ ದಿನ.

ಸ್ವಯಂಸೇವಕನಾಗಬಯಸುವ ತರುಣ ಮೊದಲು ಕಲಿಯಬೇಕಾದುದು ಮುನ್ನುಗ್ಗುವುದನ್ನಲ್ಲ. ಒಳಗಿರುವವರನ್ನು ಎಣಿಸುವುದು, ವಿದ್ಯುತ್ ನಿಲ್ಲಿಸುವುದು, ದನಗಳ ಹಗ್ಗ ಬಿಚ್ಚುವುದು, ಗಾಳಿಗೆ ಬೆನ್ನುಕೊಟ್ಟು ನಿಲ್ಲುವುದು. ಎಲ್ಲಕ್ಕಿಂತ ಕಠಿಣವಾದುದು, ಉರಿಯುವ ಬಣವೆಯನ್ನು ಬಿಟ್ಟು ಉರಿಯದ ಬಣವೆಯನ್ನು ತೋಯಿಸುವುದು. ಒಡೆಯನ ಅಳುವಿನ ಎದುರು ನಿಂತು ಅದನ್ನು ನಿರ್ಧರಿಸಲಾಗದು. ಬೆಂಕಿಯಿಲ್ಲದ ದಿನವೇ ಊರು ಕೂಡಿ ಒಪ್ಪಿಕೊಂಡಿರಬೇಕು. ಬಾವಿಯನ್ನು ಮೊದಲೇ ತೋಡುವುದೆಂದರೆ ಅದು.