ಬತ್ತೇರಿಯ ಚರ್ಮದ ಡಾಕ್ಟ್ರು

ಅಕ್ಕನ ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ಹೋದ ಹಬ್ಬಕ್ಕೆ ಊರಿಗೆ ಬಂದವನು ಜಗುಲಿಯ ಮೇಲೆ ಕಡ್ಲೆಪುರಿ ತಿನ್ನುತ್ತಾ ಕೂತಿದ್ದಾಗ, ಅವನ ಮೂತಿಯ ಸುತ್ತ ಎಂದೋ ಆಗಿದ್ದ ಕಜ್ಜಿಯ ಗುರುತು ಎಲ್ಲಾದರೂ ಉಳಿದಿದೆಯೇ ಅಂತ ಕದ್ದು ನೋಡಿದೆ. ಏನೂ ಇಲ್ಲ. ಆ ಜಾತಿಯ ಹುಣ್ಣು ಮೇಲ್ಚರ್ಮ ದಾಟಿ ಆಳಕ್ಕೆ ಇಳಿಯುವುದಿಲ್ಲ, ವಾಸಿಯಾದರೆ ಗುರುತೂ ಬಿಡುವುದಿಲ್ಲ. ಆದರೆ ಅದು ಇದ್ದಷ್ಟು ದಿನ ನಮ್ಮನ್ನೆಲ್ಲ ಕುಣಿಸಿದ ಪರಿ ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಭಾವ ಆಗ ವಯನಾಡಿನಲ್ಲಿ, ಸುಲ್ತಾನ್ ಬತ್ತೇರಿಯಿಂದ ಅಂಬಲವಯಲ್‌ಗೆ ಹೋಗುವ ದಾರಿಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಯಾವ ವರ್ಷ ಅಂತ ಕೇಳಬೇಡಿ. ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಬಿಡುವುದಿಲ್ಲ ಅನ್ನುವ ಕಟ್ಟಳೆ ಬಂದದ್ದು 2009ರಲ್ಲಿ; ಇದು ಅದಕ್ಕೂ ಮುಂಚಿನದು. ಈಗ 766 ಅನ್ನುವ ಹೆದ್ದಾರಿಯನ್ನು ಆಗ 212 ಅನ್ನುತ್ತಿದ್ದರು. ಮಳೆಗಾಲ ಶುರುವಾದ ಮೇಲೆ ಅವ್ವ ನನ್ನ ಹೆಗಲಿಗೆ ರಾಗಿಹಿಟ್ಟು, ಹುರುಳಿಕಾಳು, ಒಣಮೆಣಸಿನಕಾಯಿಯ ಚೀಲ ಏರಿಸಿ, “ಹೋಗಿ ಅಕ್ಕನ್ನ ನೋಡ್ಕೊಂಡು ಬಾ ಮಗ” ಅಂತ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿಸಿದಳು.

ಗುಂಡ್ಲುಪೇಟೆಯಲ್ಲಿ ಸೂರ್ಯಕಾಂತಿ ಹೂಬಿಟ್ಟು ಒಳ್ಳೆ ಬಿಸಿಲು. ಮದ್ದೂರು ದಾಟಿ ಮೂಲೆಹೊಳೆಯ ಹೊತ್ತಿಗೆ ಮೋಡ. ಮುತ್ತಂಗ ಚೆಕ್‌ಪೋಸ್ಟಿನಲ್ಲಿ ಕಿಟಕಿಯ ಷಟರ್ ಇಳಿಸಿದೆವು, ಆಮೇಲೆ ಎತ್ತಲೇ ಇಲ್ಲ. ಅಲ್ಲಿಯ ಮಳೆ ನಮ್ಮ ಕಡೆಯದ್ದಲ್ಲ, ಬಂದು ಹೊಡೆದು ಹೋಗುವ ಸ್ವಭಾವ ಅದಕ್ಕಿಲ್ಲ. ಸಣ್ಣಗೆ, ಎಳೆಎಳೆಯಾಗಿ, ಹಗಲೂ ರಾತ್ರಿ. ಅಕ್ಕನ ಮನೆಯಲ್ಲಿ ಒಲೆಯ ಮೇಲೆ ತಂತಿ ಕಟ್ಟಿ ಬಟ್ಟೆ ಒಣಹಾಕಿದ್ದರು. ಒಣಗಿದ್ದನ್ನು ನಾನು ನೋಡಲಿಲ್ಲ. ಎಲ್ಲರ ಅಂಗಿಯಲ್ಲೂ ಹೊಗೆ ವಾಸನೆ.

ಕೂಸಿಗೆ ಆಗ ನಾಲ್ಕೋ ಐದೋ. ಅಂಗನವಾಡಿಗೆ ಹೋಗುತ್ತಿದ್ದ ಅನ್ನುವುದು ಮಾತ್ರ ಗ್ಯಾರಂಟಿ, ಯಾಕೆಂದರೆ ಅಲ್ಲಿ ಕಲಿತ ಅವನ ಮಲೆಯಾಳವೇ ಕೊನೆಗೆ ನಮ್ಮ ಕೈಹಿಡಿದದ್ದು. ತೋಟದಲ್ಲಿ ಜಿಗಣೆ ಕಾಟ. ಭಾವ ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಂಡು ಹೋಗುತ್ತಿದ್ದರು. ಹುಡುಗ ಬರಿಗಾಲಲ್ಲಿ ಓಡುತ್ತಿದ್ದ. ಜಿಗಣೆ ಬಿಟ್ಟ ಜಾಗ ಕಡಿಯುತ್ತದೆ, ಕೆರೆದರೆ ಗಾಯ, ಅದೇ ಉಗುರು ಮೂಗಿಗೆ. ನಾನು ಹೋದಾಗ ಅವನ ಮೂಗಿನ ಕೆಳಗೆ, ಬಾಯಿಯ ಅಂಚಿಗೆ, ಎರಡು ಕಣಕಾಲಿನ ಮೇಲೂ ಹಳದಿ ಹಕ್ಕಳೆ ಕಟ್ಟಿತ್ತು, ಯಾರೋ ಜೇನು ಸವರಿ ಒಣಗಿಸಿದ ಹಾಗೆ. ಹಕ್ಕಳೆ ಎದ್ದರೆ ಕೆಳಗೆ ಕೆಂಪಗೆ ಒದ್ದೆ. ಇವತ್ತು ಮೂಗಿನ ಕೆಳಗೆ ಇದ್ದದ್ದು ನಾಳೆ ಗಲ್ಲದ ಮೇಲೆ.

ಭಾವನದೊಂದು ಗುಣ ಹೇಳಬೇಕು. ಅವರಿಗೆ ಚೆಕ್‌ರೋಲ್ ಅಂದರೆ ಪ್ರಾಣ. ಆಳಿನ ಹಾಜರಿ ಬರೆಯುವ ಆ ಉದ್ದನೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮನೆಯ ಲೆಕ್ಕ, ಕೋಳಿ ಮೊಟ್ಟೆಯ ಲೆಕ್ಕ, ನೆಂಟರು ಬಂದು ಹೋದ ಲೆಕ್ಕ ಎಲ್ಲ ಇರುತ್ತಿತ್ತು. ನಾನು ತಿಂದ ಮುದ್ದೆಯ ಲೆಕ್ಕವೂ ಅದರಲ್ಲಿದೆ ಅಂತ ನನ್ನ ಗುಮಾನಿ. ದುಡ್ಡು ಬಿಚ್ಚುವವರಲ್ಲ. “ಕಜ್ಜಿಗೆಲ್ಲ ಡಾಕ್ಟ್ರೇನಮ್ಮಿ?” ಅಂತ ಅಕ್ಕನಿಗೆ ಅಂದು, ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಹೇಳಿ ಒಂದು ಟ್ಯೂಬು ತಂದಿದ್ದರು. ಹಚ್ಚಿದ ಮೊದಮೊದಲು ಕೆಂಪು ಇಳಿಯಿತಂತೆ, ಕಡಿತವೂ ನಿಂತಿತಂತೆ. ಭಾವ ಮೀಸೆ ತಿರುವಿದರು. ವಾರ ಕಳೆಯುವುದರೊಳಗೆ ಅದು ಕುತ್ತಿಗೆಗೆ ಇಳಿದಿತ್ತು.

ಲೈನ್ ಮನೆಯ ಹೆಂಗಸರು ಬೇವಿನಸೊಪ್ಪು, ಅರಿಶಿನ ಅರೆದು ಹಚ್ಚು ಅಂದರು. ಅಕ್ಕ ಅದನ್ನೂ ಮಾಡಿದಳು; ಹುಡುಗ ಹಳದಿ ಮೂತಿ ಇಟ್ಟುಕೊಂಡು ಓಡಾಡಿದ. ನಂಜು ಅಂತ ಮೀನು ಬಿಡಿಸಿದರು, ಬದನೆಕಾಯಿ ಬಿಡಿಸಿದರು. ಹಲಸಿನಹಣ್ಣು ಬಿಡಿಸಿದ್ದೇ ದೊಡ್ಡ ರಂಪ. ಹಿತ್ತಿಲಲ್ಲಿ ಹಣ್ಣು ಬಿದ್ದು ಘಮ್ಮೆನ್ನುತ್ತಿದ್ದರೆ ಕೂಸು ಬಾಗಿಲಿಗೆ ಮುಖ ಒತ್ತಿಕೊಂಡು ಅಳುತ್ತಿತ್ತು. ನಾನು ಎದುರಿಗೇ ಕೂತು ತಿನ್ನಲಾರದೆ ಕೊಟ್ಟಿಗೆಯ ಹಿಂದೆ ಹೋಗಿ ತಿನ್ನುತ್ತಿದ್ದೆ. ಗಂಧಕಸಾಲ ಅಕ್ಕಿಯನ್ನು ನಾನು ಮೊದಲು ಉಂಡದ್ದೂ ಆ ಮನೆಯಲ್ಲೇ. ಸಣ್ಣ ಕಾಳು, ಬೇಯುವಾಗಲೇ ಬೀದಿಗೆಲ್ಲ ಪರಿಮಳ. ಭಾವ ಅದನ್ನೂ ಅಳೆದು ಹಾಕಿಸುತ್ತಿದ್ದರು ಅನ್ನಿ.

ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಮುದುಕಿ ಇದ್ದಳು. ನಮ್ಮ ಕಡೆ ಜೇನುಕುರುಬರು ಅನ್ನುವವರನ್ನು ಅಲ್ಲಿ ಕಾಟ್ಟುನಾಯ್ಕರು ಅನ್ನುತ್ತಾರೆ. ಅವರ ಮಾತು ಮುಕ್ಕಾಲು ಪಾಲು ನಮಗೆ ತಿಳಿಯುತ್ತದೆ. ಅಕ್ಕನಿಗೆ ಅವಳೊಡನೆ ಮಾತಾಡುವುದೆಂದರೆ ತವರಿಗೆ ಹೋಗಿ ಬಂದಷ್ಟು ಖುಷಿ. ಕೂಸಿನ ಮುಖ ನೋಡಿದ ಮುದುಕಿ ಎಲೆಯಡಿಕೆ ಉಗಿದು ಬಂದು, ತನ್ನ ಮೊಮ್ಮಗನಿಗೂ ಹೀಗೇ ಕಜ್ಜಿಯಾಗಿತ್ತು, ಅದು ಒಣಗಿ ಎಷ್ಟೋ ದಿನವಾದ ಮೇಲೆ ಮುಖ ಊದಿಕೊಂಡು ಉಚ್ಚೆ ಕಟ್ಟನ್ ಚಾಯದ, ಅಂದರೆ ಹಾಲು ಹಾಕದ ಟೀಯ, ಬಣ್ಣಕ್ಕೆ ತಿರುಗಿತು, ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು ಅಂತ ಹೇಳಿದಳು. ಕಜ್ಜಿಗೂ ಉಚ್ಚೆಗೂ ಏನು ಸಂಬಂಧ ಅಂತ ಭಾವ ನಕ್ಕರು. ಅಕ್ಕ ನಗಲಿಲ್ಲ. ಅವತ್ತು ರಾತ್ರಿಯೇ ಹಟ ಹಿಡಿದಳು: ಚರ್ಮದ ಡಾಕ್ಟ್ರನ್ನೇ ಹುಡುಕಬೇಕು.

ಹುಡುಕುವುದು ಎಲ್ಲಿ? ಜನ ಒಂದೊಂದು ದಿಕ್ಕು ತೋರಿಸಿದರು. ಮೈಸೂರಿನ ಕೆ.ಆರ್. ಆಸ್ಪತ್ರೆ ಅಂದರೊಬ್ಬರು. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿಗೆ ಹೋಗಿ, 1957ರಿಂದ ಇರುವ ಆಸ್ಪತ್ರೆ, ಅಲ್ಲಿ ಇಲ್ಲದ ಡಾಕ್ಟರಿಲ್ಲ ಅಂದರು ಮೇಸ್ತ್ರಿ. ಆ ಘಾಟಿಯಲ್ಲಿ ಕೂಸು ವಾಂತಿ ಮಾಡಿಕೊಳ್ಳುತ್ತೆ ಅಂತ ಅಕ್ಕ. ಮುಟ್ಟಿಲ್‌ನ ವಿವೇಕಾನಂದ ಮೆಡಿಕಲ್ ಮಿಷನ್ನಿನ ಹೆಸರೂ ಬಂತು. ನಾಗಪುರದಿಂದ ಬಂದು ಅಲ್ಲೇ ನೆಲೆ ನಿಂತು ಆದಿವಾಸಿಗಳಿಗೆ ಔಷಧಿ ಕೊಡುತ್ತಿದ್ದ ಡಾ. ಧನಂಜಯ ಸಗದೇವ್ ಅವರ ಆಸ್ಪತ್ರೆ ಅದು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಅಕ್ಕ ಪೇಪರು ಹಿಡಿದು, “ನಾವು ಹೋಗಬೇಕು ಅಂದ್ಕೊಂಡಿದ್ದ ಡಾಕ್ಟ್ರು ಕಣೋ” ಅಂದಳು. ಆದರೆ ನಮ್ಮ ದಾರಿ ಬೇರೆ ಕಡೆ ತಿರುಗಿತು.

ತಿರುಗಿಸಿದವನು ಒಬ್ಬ ಲಾರಿ ಡ್ರೈವರು. ತೆರಕಣಾಂಬಿ ಸಂತೆಯಲ್ಲಿ ಟೊಮೇಟೊ, ಬೀನ್ಸು, ಕೋಸು ಹೇರಿಕೊಂಡು ಬತ್ತೇರಿಗೆ ಬರುತ್ತಿದ್ದ ನಮ್ಮ ಕಡೆಯವನು. ಚಹಾ ಅಂಗಡಿಯಲ್ಲಿ ಕಪ್ಪ, ಮೀನುಸಾರು ಎದುರಿಗಿಟ್ಟುಕೊಂಡು ಕೂತಿದ್ದ. ಕಪ್ಪ ಅಂದರೆ ಬೇಯಿಸಿದ ಮರಗೆಣಸು. ಆ ಮಳೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನಾನು ಕನ್ನಡದಲ್ಲಿ ಗೊಣಗಿಕೊಂಡದ್ದು ಕೇಳಿ ಕರೆದ. ವಿಷಯ ತಿಳಿದ ಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, ತನಗೂ ಕೂತು ಕೂತು ತೊಡೆಸಂದಿಯಲ್ಲಿ ಹುಳಕಡ್ಡಿ ಆಗಿತ್ತೆಂದೂ ಬತ್ತೇರಿಯ ಒಬ್ಬ ಡಾಕ್ಟರಮ್ಮ ವಾಸಿ ಮಾಡಿದರೆಂದೂ ಹೇಳಿದ. “ಸರ್ಕಾರಿ ಡಾಕ್ಟ್ರು. ಸಂಜೆ ಮನೇಲಿ ನೋಡ್ತಾರೆ. ಬೋರ್ಡು ಹುಡುಕ್ಬೇಡ, ಮಲೆಯಾಳ ನಿಂಗೆ ಓದಕ್ಕೆ ಬರಲ್ಲ. ಯಾವ ಮನೆ ಮುಂದೆ ಚಪ್ಪಲಿ ಜಾಸ್ತಿ ಬಿದ್ದಾವೋ ಆ ಮನೆಗೆ ನುಗ್ಗು.”

ಕೇರಳದಲ್ಲಿ ಇದು ನಡೆದುಬಂದ ಪದ್ಧತಿ. ಆರೋಗ್ಯ ಇಲಾಖೆಯ ಡಾಕ್ಟರುಗಳು ಡ್ಯೂಟಿ ಮುಗಿದ ಮೇಲೆ ತಾವಿರುವ ಮನೆಯಲ್ಲಿ ರೋಗಿಗಳನ್ನು ನೋಡಬಹುದು. ಗೇಟಿನ ಮೇಲೆ ಸಣ್ಣ ಬೋರ್ಡು, ಒಳಗೆ ಬೆಂಚು, ಟೋಕನ್ ಕೊಡಲು ಒಬ್ಬ ಹುಡುಗ.

ಟ್ರಿಪ್ ಜೀಪಿನಲ್ಲಿ ನೇತಾಡಿಕೊಂಡು ನಾನು, ಅಕ್ಕ, ಕೂಸು ಹೋದೆವು. ಭಾವನಿಗೆ ಸಂಬಳ ಬಟವಾಡೆಯ ದಿನ, ಬರಲಾಗಲಿಲ್ಲ. ಹಳೆ ಜೈನ ಬಸದಿಯ ಹತ್ತಿರ ಇಳಿದ ನೆನಪು. ಟಿಪ್ಪು ಮದ್ದುಗುಂಡು ಇರಿಸಿದ್ದನಂತಲ್ಲ, ಅದೇ ಬಸದಿ. ಊರಿಗೆ ಸುಲ್ತಾನನ ಬ್ಯಾಟರಿ ಅಂತ ಹೆಸರು ಬಂದದ್ದು ಅದರಿಂದ. ಕಲ್ಪೆಟ್ಟ, ಬತ್ತೇರಿ ಸುತ್ತ ಕರ್ನಾಟಕದಿಂದ ಹೋದ ಜೈನ ಗೌಡರ ಮನೆತನಗಳು ಹಿಂದಿನಿಂದಲೂ ಇವೆ. ಮಾತೃಭೂಮಿ ಪತ್ರಿಕೆಯ ಎಂ.ಪಿ. ವೀರೇಂದ್ರಕುಮಾರ್ ಅಂಥ ಮನೆಯವರೇ. ಇರಲಿ. ಚಪ್ಪಲಿ ರಾಶಿ ಸಿಕ್ಕಿತು.

ಡಾಕ್ಟರಮ್ಮನಿಗೆ ಐವತ್ತರ ಆಸುಪಾಸು. ನೂಲಿನ ಸೀರೆ, ಕುರ್ಚಿಯ ಕೆಳಗೆ ಒಂದು ಬೆಕ್ಕು. ಕನ್ನಡ ಅಷ್ಟಕ್ಕಷ್ಟೆ. ಅಕ್ಕನ ಮಲೆಯಾಳ ಮೀನಿನ ಬೆಲೆ ಕೇಳುವುದಕ್ಕೆ ಸಾಲುತ್ತಿತ್ತು, ನನ್ನದು ಅದಕ್ಕೂ ಇಲ್ಲ. ಹೀಗಾಗಿ ರೋಗಿಯೇ ದುಭಾಷಿಯಾಗಿ ಮೇಜಿನ ಪಕ್ಕ ನಿಂತ. ಆಕೆ ದೀಪ ಹತ್ತಿರ ತಂದು ಮೂತಿ ನೋಡಿದರು, ಕಾಲು ನೋಡಿದರು, ಕುತ್ತಿಗೆ ಮುಟ್ಟಿ ಗಂಟು ನೋಡಿದರು. ಇಲ್ಲಿಯವರೆಗೆ ಹಚ್ಚಿದ್ದೇನು ಅಂತ ಕೇಳಿದಾಗ ಅಕ್ಕ ಸೆರಗಿನ ಗಂಟು ಬಿಚ್ಚಿ ಭಾವ ತಂದ ಟ್ಯೂಬು ಕೊಟ್ಟಳು. ಅದರ ಮೇಲಿನ ಸಣ್ಣ ಅಕ್ಷರ ಓದಿ ಆಕೆ ಬಾಯಲ್ಲಿ ಲೊಚ್ಚೆಂದರು. ಮೂರು ಔಷಧಿ ಕಲೆಸಿದ ಮುಲಾಮು, ಅದರಲ್ಲೊಂದು ಸ್ಟೀರಾಯ್ಡು. ಅದು ಉರಿ, ಕೆಂಪು, ಕಡಿತವನ್ನು ಬೇಗ ಅಡಗಿಸುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಆದರೆ ಚರ್ಮ ತಾನಾಗಿ ಹೋರಾಡುವ ಶಕ್ತಿಯನ್ನೂ ತಗ್ಗಿಸುವುದರಿಂದ ರೋಗಾಣುವಿಗೆ ಬಾಗಿಲು ತೆರೆದಂತಾಗುತ್ತದೆ. ಟ್ಯೂಬು ಕಸದ ಬುಟ್ಟಿಗೆ ಹೋಯಿತು.

ಇದು ಇಂಪೆಟೈಗೊ, ಸ್ಟೆಫೈಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವುದು, ಮಳೆಗಾಲದಲ್ಲಿ ಎಷ್ಟೋ ಮಕ್ಕಳಿಗೆ ಆಗುತ್ತದೆ, ಹೆದರಬೇಡಿ ಅಂದರು. ಹಕ್ಕಳೆಯನ್ನು ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ನೆನೆಸಿ ಮೆತ್ತಗೆ ತೆಗೆಯಬೇಕು, ಆಮೇಲೆ ಮ್ಯುಪಿರೋಸಿನ್ ಮುಲಾಮು. ಬಹಳ ಕಡೆ ಹಬ್ಬಿರುವುದರಿಂದ ಕುಡಿಯಲು ಸಿರಪ್ಪೂ ಬೇಕು. ಆ ಮ್ಯುಪಿರೋಸಿನ್ ಅನ್ನೂ ಒಂದು ಬ್ಯಾಕ್ಟೀರಿಯಾದಿಂದಲೇ ತೆಗೆದದ್ದು ಅಂತ ನಾನು ಎಷ್ಟೋ ವರ್ಷದ ಮೇಲೆ ಓದಿದೆ.

ಉಗುರು ಕತ್ತರಿಸಿ, ಟವಲು ಬೇರೆ ಇಡಿ, ತೋಡಿನ ನೀರಿಗೆ ಬಿಡಬೇಡಿ ಅಂದದ್ದನ್ನು ಕೂಸು ಅರ್ಧಕ್ಕೆ ನಿಲ್ಲಿಸಿ, “ತೋಡಿಗೆ ಹೋಗ್ಬೋದಂತೆ” ಅಂದಿತು. ಡಾಕ್ಟರಮ್ಮ ಅವನ ಕಿವಿ ಹಿಡಿದರು. ಹಲಸಿನಹಣ್ಣಿನ ನಂಜಿನ ಬಗ್ಗೆ ಅಕ್ಕ ಕೇಳಿಸಿದಾಗ, ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ, ತಿನ್ನಲಿ ಅಂದರು. ಅದನ್ನು ಮಾತ್ರ ಒಂದಕ್ಷರ ಬಿಡದೆ, ಎರಡು ಸಲ ಕನ್ನಡಕ್ಕೆ ತಂದ.

ಎದ್ದು ಬರುವಾಗ ಆಕೆ ನನ್ನ ಕೈ ತೋರಿಸು ಅಂದರು. ನಾನು ಯಾಕೆ? ಬೆರಳ ಸಂದಿ ಬಿಡಿಸಿ ನೋಡಿ ತಲೆಯಾಡಿಸಿದರು. ಅಕ್ಕನ ಕೈಯಲ್ಲೂ ಅದೇ. ರಾತ್ರಿ ಜಾಸ್ತಿ ಕಡಿಯುತ್ತದೆಯೇ? ಹೌದು. ಮನೆಯಲ್ಲೆಲ್ಲರಿಗೂ ಕಜ್ಜಿಹುಳ ಹತ್ತಿತ್ತು. ಹುಡುಗ ಕೆರೆದುಕೊಳ್ಳಲು ಜಿಗಣೆಯ ಜೊತೆಗೆ ಅದೂ ಕಾರಣ. ಎಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಪರ್ಮೆಥ್ರಿನ್ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ವಾರ ಬಿಟ್ಟು ಇನ್ನೊಮ್ಮೆ. ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ ಅಂದ ಆಕೆ ಕಿಟಕಿ ಕಡೆ ನೋಡಿ ತಾವೇ ನಕ್ಕರು. ಒಗೆಯಲಾಗದ ರಗ್ಗು, ದಿಂಬನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ನಾಲ್ಕು ದಿನ ಇಡಿ, ಮೈ ಸಿಗದೆ ಹುಳ ಸಾಯುತ್ತದೆ ಅಂದರು. ಫೀಸು ಎಷ್ಟು ಕೊಟ್ಟೆವೋ ಮರೆತೆ. ಅಕ್ಕ ಅಷ್ಟಕ್ಕೇ ಬಿಟ್ಟರಲ್ಲ ಅಂತ ಆಶ್ಚರ್ಯಪಟ್ಟದ್ದು ನೆನಪಿದೆ.

ಭಾವ ಕೆಂಡವಾದರು. “ನಾವೇನು ಕಜ್ಜಿ ಹತ್ತಿದ ವಂಶವಾ?” ಆದರೆ ಆ ರಾತ್ರಿ, ದೀಪ ಆರಿದ ಮೇಲೆ, ಕತ್ತಲಲ್ಲಿ ಸರಸರ ಕೈಯಾಡಿಸುವ ಸದ್ದು ಕೇಳಿಸಿತು. ಮುಲಾಮಿನ ಬೆಲೆ ಚೆಕ್‌ರೋಲಿನ ಹಿಂದೆ ಸೇರಿತು. ಕೂಸಿನ ಮುಖ ವಾರ ತುಂಬುವುದರೊಳಗೆ ಬಿಡಿಸಿಕೊಂಡಿತು. ಕಡಿತ ಹೋಗಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಆ ಮುದುಕಿ ಹೇಳಿದ್ದು ಸುಳ್ಳಲ್ಲ. ಸ್ಟ್ರೆಪ್ಟೊಕಾಕಸ್‌ನಿಂದ ಆದ ಕಜ್ಜಿಯಾದರೆ ಮೂರರಿಂದ ಆರು ವಾರದ ಮೇಲೆ ಕೆಲವು ಮಕ್ಕಳ ಮೂತ್ರಪಿಂಡಕ್ಕೆ ಊತ ಬರುವುದುಂಟು. ಮುಖ ಊದಿದರೆ, ಉಚ್ಚೆ ಕಪ್ಪಿಟ್ಟರೆ ಆ ಕ್ಷಣವೇ ಕರೆತನ್ನಿ ಅಂತ ಡಾಕ್ಟರಮ್ಮನೂ ಎಚ್ಚರಿಸಿದ್ದರು. ನಮ್ಮ ಪುಣ್ಯ, ಹಾಗಾಗಲಿಲ್ಲ.

ಈಗ ವಯನಾಡಿನಲ್ಲಿ ಚರ್ಮದ ಡಾಕ್ಟರಿಗೆ ಅಷ್ಟು ಅಲೆಯಬೇಕಿಲ್ಲ. ಮಾನಂದವಾಡಿಯ ಜಿಲ್ಲಾ ಆಸ್ಪತ್ರೆ 2021ರಲ್ಲಿ ಮೆಡಿಕಲ್ ಕಾಲೇಜಾಯಿತು, ಮೇಪ್ಪಾಡಿಯಲ್ಲಿ ಖಾಸಗಿ ಕಾಲೇಜೂ ಇದೆ. ಮೆಡಿಕಲ್ ಸ್ಟೋರಿನ ಮೂರು ಬೆರಕೆಯ ಟ್ಯೂಬು ಮಾತ್ರ ಇಂದಿಗೂ ಗುಂಡ್ಲುಪೇಟೆಯಲ್ಲೂ ಸಿಗುತ್ತದೆ, ಬತ್ತೇರಿಯಲ್ಲೂ ಸಿಗುತ್ತದೆ. ನಿಮ್ಮ ಮನೆಯ ಮಗುವಿನ ಮೂತಿಯಲ್ಲಿ ಹಳದಿ ಹಕ್ಕಳೆ ಕಂಡರೆ ಅದನ್ನು ಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ. ಆಗಲೇ ಹಚ್ಚಿದ್ದರೆ ಆ ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.