ಮೂಗಿನ ಸಾಕ್ಷ್ಯ

ಮಗುವಿನ ಮೂಗು ಸೋರಿದರೆ ಯಾವ ಮನೆಯೂ ಗಾಬರಿಪಡುವುದಿಲ್ಲ. ಹುಟ್ಟಿದ ದಿನಗಳಿಂದಲೇ ನೆಗಡಿ, ಕಫದ ಕೆಮ್ಮು ವರ್ಷವಿಡೀ ಬಿಡದಿದ್ದರೂ ‘ಶೀತದ ಮೈ’ ಎಂದೇ ಸಮಾಧಾನ!

ಶ್ವಾಸನಾಳದ ಒಳಮೈಯಲ್ಲಿರುವ ಸೂಕ್ಷ್ಮರೋಮಗಳು ಸದಾ ಬೀಸುತ್ತ ಕಫವನ್ನು ಹೊರಕ್ಕೆ ಗುಡಿಸಬೇಕು. ಪ್ರೈಮರಿ ಸಿಲಿಯರಿ ಡಿಸ್ಕೈನೀಸಿಯ ಎಂಬ ಅಪರೂಪದ ಹುಟ್ಟುರೋಗದಲ್ಲಿ ಆ ಪೊರಕೆ ಆಡುವುದಿಲ್ಲ, ಇಲ್ಲವೆ ತಪ್ಪಾಗಿ ಆಡುತ್ತದೆ. ನಿಂತ ಕಫದಲ್ಲಿ ಸೋಂಕು ನೆಲೆಸಿ ಶ್ವಾಸಕೋಶ ಕೆಡುತ್ತದೆ. ಹಾಗೆ ಕೆಟ್ಟ ಭಾಗ ಮತ್ತೆ ನೆಟ್ಟಗಾಗುವುದು ದುರ್ಲಭ.

ಸುಳಿವು ಮೂಗಿನಲ್ಲೇ ಅಡಗಿತ್ತು. ಮೂಗಿನ ಸುತ್ತಣ ಎಲುಬಿನ ಕುಹರಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲ ಹೇರಳವಾಗಿ ಹುಟ್ಟುತ್ತದೆ. ಈ ರೋಗಿಗಳ ಮೂಗಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯೆಂದು 1994ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಕಾರಣವೇನೋ ಇನ್ನೂ ಪೂರ್ತಿ ಬಿಡದ ಒಗಟು. ಪರೀಕ್ಷೆಯೋ ಮಕ್ಕಳಾಟದಂತಿದೆ: ಐದು ವರ್ಷ ದಾಟಿದ ಮಗು ಬಾಯಿಂದ ನಳಿಕೆಯೊಂದನ್ನು ಮೆಲ್ಲನೆ ಊದುತ್ತಿರುವಾಗ, ಹೊಳ್ಳೆಗಿಟ್ಟ ಸಣ್ಣ ಕೊಳವೆ ಮೂಗಿನ ಗಾಳಿಯನ್ನು ಸೆಳೆದು ಯಂತ್ರಕ್ಕೊಪ್ಪಿಸುತ್ತದೆ. ಸೂಜಿಯಿಲ್ಲ, ರಕ್ತವಿಲ್ಲ. ಅನಿಲ ನಿಮಿಷಕ್ಕೆ 77 ನ್ಯಾನೋಲೀಟರಿಗಿಂತ ಕಡಿಮೆಯಾದರೆ ಶಂಕೆ ಬಲವಾಗುತ್ತದೆ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ರೋಗದಲ್ಲೂ ಅದು ಇಳಿಯಬಹುದು. ಈ ರೋಗವಿದ್ದೂ ಕೆಲವರಲ್ಲಿ ಇಳಿಯದಿರಬಹುದು. ಆದುದರಿಂದ ವಂಶವಾಹಿಗಳ ಪರೀಕ್ಷೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳ ಸಾಕ್ಷ್ಯವನ್ನೂ ಕೇಳುತ್ತಾರೆ.

ರೋಗವನ್ನು ಬೇರುಸಹಿತ ಕೀಳುವ ಮದ್ದಿಲ್ಲ. ನಿತ್ಯವೂ ಕಫ ತೆಗೆಯುವ ವ್ಯಾಯಾಮ, ಸೋಂಕು ತಗುಲಿದೊಡನೆ ಔಷಧ—ರೋಮಗಳು ಮಾಡದ ಕೆಲಸವನ್ನು ತಾಯಿತಂದೆಯರು ದಿನವೂ ಕುಳಿತು ಮಾಡಿಸಬೇಕು.