ಅವ್ವನೊಡನೆ ವಿಜಯಪುರದಲ್ಲಿ

ಸೊಲ್ಲಾಪುರದಿಂದ ವಿಜಯಪುರ ಸುಮಾರು 100 ಕಿ.ಮೀ. ಅಪ್ಪ ತೀರಿಕೊಂಡ ಮೇಲೆ ಅವ್ವ ಮನೆ ಬಿಟ್ಟು ಹೊರಟದ್ದು ಅದೇ ಮೊದಲು. ಊಟವೂ ಅಷ್ಟಕ್ಕಷ್ಟೇ.

ಗೋಲಗುಮ್ಮಟ ಮಕ್ಕಳ ಕೂಗಾಟದಲ್ಲೇ ಮುಗಿಯಿತು. ಪಿಸುಮಾತಿನ ಗ್ಯಾಲರಿ ಎಂಬ ಹೆಸರು ಯಾರಿಟ್ಟರೋ! ಹಳೆಯ ಊರಿನ ಓಣಿ ಹಿಡಿದು ಜಾಮಿಯಾ ಮಸೀದಿಗೆ ಬಂದೆವು.

"ನಮ್ಮನ್ನ ಒಳಗ ಬಿಡ್ತಾರೇನು?" ಅವ್ವ ಬಾಗಿಲಲ್ಲೇ ನಿಂತಳು. ಯಾರೂ ತಡೆಯಲಿಲ್ಲ. ತಲೆಗೆ ಸೆರಗು ಹೊದ್ದು ನಡೆದಳು.

1ನೆಯ ಅಲಿ ಆದಿಲಶಾಹನ (1558–80) ಕಾಲದ ಮಸೀದಿ. ಬಂಗಾರದ ಮಿಹ್ರಾಬಿಗಿಂತ ನನಗೆ ನೆಲವೇ ಹಿಡಿಸಿತು. ಔರಂಗಜೇಬ 1686ರಲ್ಲಿ ಊರು ಗೆದ್ದ ಮೇಲೆ ಗುರುತು ಹಾಕಿಸಿದ 2,250 ಚೌಕಗಳು, ನಮಾಜಿಗೆ ಒಬ್ಬರಿಗೊಂದು.

"ಬಾದಶಹಾ ಎಲ್ಲಿ ನಿಲ್ತಿದ್ದ?" ಮಗಳು ಹುಡುಕಿದಳು. ಎಲ್ಲವೂ ಒಂದೇ ತರಹ.

ಅವ್ವ ಕಂಬದ ಬಳಿ ಕಣ್ಣು ಮುಚ್ಚಿ ಕುಳಿತಳು. "ನಿಮ್ಮಪ್ಪಗ ಈ ತಂಪು ಭಾಳ ಸೇರ್ತಿತ್ತು" ಎಂದಳು. ಅಪ್ಪನ ಮಾತು ತಾನಾಗಿ ಎತ್ತಿದ್ದು ಅಂದೇ.

ಮರಳುವ ಬಸ್ಸಿನಲ್ಲಿ ಬುತ್ತಿ ಬಿಚ್ಚಿ, ಕೇಳದೆಯೇ ಒಂದು ರೊಟ್ಟಿ ತೆಗೆದುಕೊಂಡಳು.